ಮಳೆ ಬಂದ ದಿನವೇ ಮಳೆಯ ಪದ್ಯ: ತರಗತಿಗೆ ಕಾಲಕ್ಕೆ ತಕ್ಕ ಕವಿತೆ ತರುವುದು ಹೇಗೆ?

ಒಂದು ವರ್ಷ ಪೋರ್ಷನ್ ಹಿಂದೆ ಬಿದ್ದು, ಮಳೆಯ ಪದ್ಯವೊಂದನ್ನು ಫೆಬ್ರವರಿ ಕೊನೆಯ ವಾರದಲ್ಲಿ ಪಾಠ ಮಾಡಬೇಕಾಗಿ ಬಂತು. ಬಿಸಿಯೂಟ ಮುಗಿದ ಮೇಲಿನ ಪೀರಿಯಡ್ಡು. ಮೇಲೆ ತಗಡಿನ ಚಾವಣಿ, ಹೊರಗೆ ಸುಡುವ ಬಿಸಿಲು. "ಸೋನೆಮಳೆ ಅಂದ್ರೆ ಹೇಗಿರುತ್ತೆ, ಹೇಳಿ ನೋಡೋಣ" ಅಂದೆ. ಹಿಂದಿನ ಸಾಲಿನ ಹುಡುಗ ಕಿಟಕಿಯ ಕಡೆ ನೋಡಿ, "ಟೀಚರ್, ಬೋರ್‌ವೆಲ್ಲೇ ಬತ್ತೇತ್ರಿ" ಅಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಪದ್ಯ ಮಾತ್ರ ಅವತ್ತು ಯಾರಿಗೂ ತಟ್ಟಲಿಲ್ಲ.

ತಪ್ಪು ಪದ್ಯದ್ದಲ್ಲ, ಹುಡುಗನದ್ದೂ ಅಲ್ಲ. ಹೊತ್ತು ಸರಿಯಿರಲಿಲ್ಲ ಅಷ್ಟೇ. ಅದೇ ಪದ್ಯವನ್ನು ಮುಂದಿನ ವರ್ಷ ಜುಲೈನಲ್ಲಿ, ಹೊರಗೆ ಜಿಟಿಜಿಟಿ ಹಿಡಿದಾಗ ಓದಿದೆ. ನಾನು ವಿವರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಮಾಡುತ್ತ, ತಪ್ಪುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಕಲಿಸುವುದು ಐದರಿಂದ ಏಳನೇ ತರಗತಿಗೆ. ಚಿಕ್ಕವರಿಗೂ ಹೈಸ್ಕೂಲಿನವರಿಗೂ ಸ್ವಲ್ಪ ಹಿಗ್ಗಿಸಿ ಕುಗ್ಗಿಸಿ ಬಳಸಿಕೊಳ್ಳಬಹುದು.

ಮೊದಲು ನಿಮ್ಮೂರಿನ ಕ್ಯಾಲೆಂಡರ್ ಬರೆಯಿರಿ

ವಸಂತ, ಗ್ರೀಷ್ಮ, ವರ್ಷ, ಶರತ್, ಹೇಮಂತ, ಶಿಶಿರ ಅಂತ ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರೆ. ಹೇಮಂತ ಯಾವಾಗ ಮುಗಿದು ಶಿಶಿರ ಯಾವಾಗ ಶುರುವಾಯಿತು ಅಂತ ಕೇಳಿ ನೋಡಿ, ನಮಗೇ ಗೊತ್ತಿರುವುದಿಲ್ಲ. ನಮ್ಮ ರೈತರ ಮನೆಗಳಲ್ಲಿ ಇರುವುದು ಬೇರೆ ಲೆಕ್ಕ, ಮಳೆ ನಕ್ಷತ್ರಗಳದ್ದು. ಒಂದೊಂದು ಮಳೆಗೂ 13-14 ದಿನ. ಶಾಲೆ ಶುರುವಾಗುವ ಹೊತ್ತಿಗೆ ರೋಹಿಣಿ ನಡೆದಿರುತ್ತದೆ. ಜೂನ್ 8ರ ಆಸುಪಾಸು ಮೃಗಶಿರ, 22ರ ಹೊತ್ತಿಗೆ ಆರಿದ್ರಾ, ಜುಲೈ 6ರ ಸುಮಾರಿಗೆ ಪುನರ್ವಸು, 20ಕ್ಕೆ ಪುಷ್ಯ, ಆಗಸ್ಟ್ ಮೊದಲ ವಾರ ಆಶ್ಲೇಷ, ಆಮೇಲೆ ಮಘಾ, ಹುಬ್ಬ, ಉತ್ತರಾ, ಹಸ್ತ, ಚಿತ್ತಾ, ಸ್ವಾತಿ. ಒಂದು ದೊಡ್ಡ ಹಾಳೆಯ ಮೇಲೆ ಇದನ್ನು ಬರೆದು ಗೋಡೆಗೆ ಅಂಟಿಸಿ. ಪಕ್ಕದಲ್ಲಿ ಖಾಲಿ ಜಾಗ ಬಿಡಿ. ಯಾವ ಮಳೆ ಬಂತು, ಯಾವುದು ಕೈಕೊಟ್ಟಿತು ಅಂತ ಮಕ್ಕಳೇ ಬರೆಯಲಿ.

ಈ ಹಾಳೆ ಊರಿಂದ ಊರಿಗೆ ಬೇರೆಯಾಗಬೇಕು. ಕರಾವಳಿಯಲ್ಲಿ ಜೂನ್, ಜುಲೈ ಅಂದರೆ ಮಳೆಯೋ ಮಳೆ. ರಾಯಚೂರಿನ ಕಡೆ ಒಳ್ಳೆಯ ಮಳೆಗೆ ಸೆಪ್ಟೆಂಬರ್‌ವರೆಗೆ ಕಾಯುವ ವರ್ಷಗಳಿವೆ. ಕೋಲಾರ, ಚಾಮರಾಜನಗರದ ಕಡೆ ಅಕ್ಟೋಬರ್ ಆದ ಮೇಲೂ ಹಿಂಗಾರಿನ ಮಳೆ ಬೀಳುತ್ತದೆ. ಹಾಗಾಗಿ 'ಜುಲೈ ತಿಂಗಳು ಮಳೆ ಪದ್ಯ' ಅಂತ ರಾಜ್ಯಕ್ಕೆಲ್ಲ ಒಂದೇ ಪಟ್ಟಿ ಮಾಡಿದರೆ ಕೆಲಸಕ್ಕೆ ಬರುವುದಿಲ್ಲ. ಇನ್ನು ಮಲೆನಾಡಿನವರದ್ದು ಬೇರೆಯೇ ತಮಾಷೆ. ಮಳೆಯ ಪದ್ಯಕ್ಕೆ ಹೇಳಿ ಮಾಡಿಸಿದ ವಾರದಲ್ಲೇ ಡಿಸಿಯವರು ಮಳೆಗೆ ರಜೆ ಕೊಟ್ಟಿರುತ್ತಾರೆ! ಆಗ ರಜೆಯ ಹಿಂದಿನ ದಿನ ಪದ್ಯ ಬರೆಸಿ ಕಳಿಸಿ. ಮನೆಯಲ್ಲಿ ಕೂತು ಓದಿಕೊಂಡು ಬರಲಿ.

ಕ್ಯಾಲೆಂಡರ್ ಆದ ಮೇಲೆ ವಾರ್ಷಿಕ ಪಾಠ ಹಂಚಿಕೆ ಬರೆಯಲು ಕೂತುಕೊಳ್ಳಿ. ಮೊದಲು ಹಂಚಿಕೆ ಬರೆದು ಆಮೇಲೆ ಋತು ಹುಡುಕಬೇಡಿ. ಪುಸ್ತಕದಲ್ಲಿ ಒಂಬತ್ತನೆಯದಾಗಿರುವ ಪದ್ಯ ಜುಲೈಗೆ ಸೇರಿದ್ದಾದರೆ ಅಲ್ಲಿಗೇ ತನ್ನಿ. ಯಾವ ಪರೀಕ್ಷೆಗೆ ಯಾವ ಪಾಠ ಅಂತ ಮೇಲಿಂದ ನಿಗದಿಯಾಗಿದ್ದರೆ ತೊಂದರೆ ಇಲ್ಲ. ಕಾಲ ಬಂದಾಗ ಸುಮ್ನೆ ಓದಿ ಸಂತೋಷಪಡಿ, ಪ್ರಶ್ನೋತ್ತರವನ್ನು ಅದರ ಸರದಿ ಬಂದಾಗ ಮುಗಿಸಿ.

ಡಬ್ಬಿಯೊಂದು ಇಡಿ

ಒಂದು ಕಾರ್ಡಿಗೆ ಒಂದು ಪದ್ಯ. ಮೇಲೆ ಮೂಲೆಯಲ್ಲಿ ತಿಂಗಳು, ಮಳೆಯ ಹೆಸರು ಅಥವಾ ವಿಷಯ. ಹಿಂದೆ ಯಾವ ವರ್ಷ ಯಾವ ತರಗತಿಗೆ ಓದಿದೆ, ಮಕ್ಕಳು ಏನಂದರು ಅನ್ನುವ ಟಿಪ್ಪಣಿ. ವರ್ಷಕ್ಕೆ ಹತ್ತು ಕಾರ್ಡು ಕೂಡಿದರೂ ಜಾಸ್ತಿಯೇ.

ಕಾರ್ಡಿಗೆ ಪದ್ಯ ಎಲ್ಲಿಂದ? ಅರ್ಧ ಪದ್ಯಗಳು ಅಜ್ಜಿಯರ ಹತ್ತಿರ ಇವೆ. ಜೂನ್ ಮೊದಲ ವಾರದ ಹೋಮ್‌ವರ್ಕ್ ಇಷ್ಟೇ: ಮನೆಯಲ್ಲಿ ದೊಡ್ಡವರನ್ನು ಕೇಳಿ ಮಳೆಯ ಮೇಲಿನ ಒಂದು ಮಾತು ತನ್ನಿ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ಒಬ್ಬಳು ತರುತ್ತಾಳೆ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಅಂತ ಇನ್ನೊಬ್ಬ. ಮಘಾ ಮಳೆಗೆ "ಬಂದರೆ ಮಗೆ, ಹೋದರೆ ಹೊಗೆ" ಅಂತಾರೆ. ಭರಣಿ-ಧರಣಿ, ರೋಹಿಣಿ-ಓಣಿ, ಮಗೆ-ಹೊಗೆ. ಪ್ರಾಸ ಅಂದರೇನು ಅನ್ನುವ ಪಾಠ ಅರ್ಧ ಇಲ್ಲೇ ಮುಗಿಯಿತು.

ಒಂದು ಎಚ್ಚರಿಕೆ. ಮಗು ತಂದ ಮಾತನ್ನು ತಿದ್ದಬೇಡಿ. 'ಮಳಿ' ಅಂತ ಬರೆದಿದ್ದರೆ 'ಮಳಿ'ಯೇ ಇರಲಿ. 'ಮಿರಗ' ಅಂದರೆ ಮೃಗಶಿರವೇ. ಅದನ್ನು ಬೋರ್ಡಿನ ಮೇಲೆ ಶುದ್ಧ ಮಾಡಿ ಬರೆದ ಕ್ಷಣ ಅಜ್ಜಿಯ ಮಾತು ಟೀಚರ್ ಮಾತಾಗುತ್ತದೆ, ನಾಳೆ ಯಾರೂ ಏನೂ ತರುವುದಿಲ್ಲ.

ಮನೆಮಾತು ಕನ್ನಡ ಅಲ್ಲದ ಮಕ್ಕಳನ್ನು ಇಲ್ಲಿ ಮುಂದೆ ಕರೆಯಿರಿ. ತುಳುವಿನಲ್ಲಿ ಮಳೆ 'ಬರ್ಸ', ತೆಲುಗಿನಲ್ಲಿ 'ವಾನ', ಉರ್ದುವಿನಲ್ಲಿ 'ಬಾರಿಶ್', ಕೊಂಕಣಿಯಲ್ಲಿ 'ಪಾವ್ಸು'. ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬೋರ್ಡಿನ ಮೇಲೆ ಬರೆಯಿಸಿ, ಜೋರಾಗಿ ಹೇಳಿಸಿ. ಯಾವ ಪದದಲ್ಲಿ ಮಳೆಯ ಸದ್ದು ಕೇಳುತ್ತದೆ ಅಂತ ಕೇಳಿದರೆ ಜಗಳವೇ ಆಗುತ್ತದೆ. ಆಗಲಿ ಬಿಡಿ.

ಆ ದಿನದ 40 ನಿಮಿಷ

ಒಂದು ಪಾಠವನ್ನು ನಿಧಾನವಾಗಿ ಹೇಳುತ್ತೇನೆ. ಉಳಿದವನ್ನು ನೀವೇ ಕಟ್ಟಿಕೊಳ್ಳಬಹುದು.

ನಾನು ಆರಿಸಿಕೊಂಡದ್ದು ಗುರ್ಜಿಯ ಹಾಡು. ಉತ್ತರ ಕರ್ನಾಟಕದಲ್ಲಿ ಮಳೆ ಹೋದರೆ ರೊಟ್ಟಿ ಹಂಚಿನ ಮೇಲೆ ಗುರ್ಜಿ ಅನ್ನುವ ಮಳೆದೇವರ ಮೂರ್ತಿಯನ್ನು ಮಾಡಿ, ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿ ಮನೆಮನೆಗೆ ಹೋಗುತ್ತಾರೆ. ಮನೆಯವರು ಮೇಲಿಂದ ನೀರು ಸುರಿಯುತ್ತಾರೆ. ಹೊತ್ತವನು ಗಿರಗಿರ ತಿರುಗುತ್ತಾನೆ, ನೀರು ಸುತ್ತ ಚಿಮ್ಮುತ್ತದೆ. ಜೊತೆಗಿದ್ದವರು ಹಾಡುತ್ತಾರೆ. ಹಾಡು ಊರಿಗೊಂದು ಥರ. ಅದರಲ್ಲಿ ಎರಡು ಸಾಲು ಮಾತ್ರ ತೆಗೆದುಕೊಂಡೆ:

ಸುಣ್ಣ ಕೊಡತೇನ ಸುರಿ ಮಳೆಯೆ
ಬಣ್ಣ ಕೊಡತೇನ ಬಾ ಮಳೆಯೆ

ಜೂನ್ ತಿಂಗಳು, ಮೋಡ ಕಟ್ಟಿದೆ, ಮಳೆ ಇನ್ನೂ ಬಿದ್ದಿಲ್ಲ. ಈ ಹಾಡಿಗೆ ಅದೇ ಸರಿಯಾದ ಹೊತ್ತು. ಮಳೆ ಬಂದ ಮೇಲೆ ಕರೆಯುವುದೇನು?

ಮೊದಲ ಐದು ನಿಮಿಷ ಕಿಟಕಿ ತೆರೆದು ಸುಮ್ಮನೆ ಕೇಳುವುದು. ಮಾತಿಲ್ಲ. ಕೇಳಿದ ಸದ್ದು, ಮೂಗಿಗೆ ಬಂದ ವಾಸನೆ ಸ್ಲೇಟಿನ ಮೇಲೆ ಬರೆಯುವುದು. ಮಳೆ ಸುರಿಯುತ್ತಿರುವ ದಿನವಾದರೆ ಇದನ್ನೇ ಇನ್ನೂ ಚೆನ್ನಾಗಿ ಮಾಡಬಹುದು. ತಗಡಿನ ಚಾವಣಿಯ ಶಾಲೆಗಳಲ್ಲಿ ದೊಡ್ಡ ಮಳೆಗೆ ನಮ್ಮ ದನಿ ಮೊದಲ ಬೆಂಚಿಗೂ ಕೇಳುವುದಿಲ್ಲ. ಹಾಗಾದಾಗ ಕೂಗಾಡಬೇಡಿ. ಬೋರ್ಡಿನ ಮೇಲೆ ಪದ ಬರೆಯಿರಿ: ತುಂತುರು, ಸೋನೆ, ಜಡಿಮಳೆ, ಆಲಿಕಲ್ಲು. ಈಗ ಬೀಳುತ್ತಿರುವುದು ಯಾವುದು ಅಂತ ಮಕ್ಕಳು ಬೆರಳು ತೋರಿಸಲಿ. ಮಳೆ ಬದಲಾದಂತೆ ಬೆರಳೂ ಬದಲಾಗುತ್ತದೆ.

ಆಮೇಲೆ ಓದು. ಮೂರು ಸಲ. ಒಮ್ಮೆ ನಾವು, ಒಮ್ಮೆ ಎಲ್ಲರೂ, ಒಮ್ಮೆ ಅವರು ಮಾತ್ರ. ಅರ್ಥ ಹೇಳಬೇಡಿ. ಬಾಯಿ ತುದಿಯಲ್ಲಿದ್ದರೂ ತಡೆದುಕೊಳ್ಳಿ. ಇದು ನನಗೆ ಎಲ್ಲಕ್ಕಿಂತ ಕಷ್ಟದ ಭಾಗ.

ನಂತರ ಸಾಲಿನ ಒಳಗೆ ನೋಡುವುದು. ಸುಣ್ಣದ 'ಸು', ಸುರಿಯ 'ಸು'. ಬಣ್ಣದ 'ಬ', ಬಾ ಅನ್ನುವ 'ಬಾ'. ಒಂದೊಂದು ಸಾಲೂ ತಾನು ಕೊಡುವ ವಸ್ತುವಿನ ಅಕ್ಷರದಿಂದಲೇ ಮಳೆಗೆ ಆಜ್ಞೆ ಮಾಡುತ್ತದೆ. ಮೇಲಿಂದ ಕೆಳಕ್ಕೆ ನೋಡಿದರೆ ಎರಡೂ ಸಾಲಿನ ಎರಡನೇ ಅಕ್ಷರ 'ಣ್ಣ'. ನಮ್ಮ ಹಳೆಯ ಕವಿಗಳೆಲ್ಲ ಪಾಲಿಸಿದ ಆದಿಪ್ರಾಸ ಇದೇ. ಗುರ್ಜಿ ಹೊತ್ತ ಹುಡುಗರಿಗೆ ಛಂದಸ್ಸಿನ ಹೆಸರು ಗೊತ್ತಿರಲಿಲ್ಲ, ಕಿವಿಗೆ ಗೊತ್ತಿತ್ತು. ಬಣ್ಣದ ಸೀಮೆಸುಣ್ಣದಿಂದ ಈ ಅಕ್ಷರಗಳಿಗೆ ಸುತ್ತು ಹಾಕಿಸಿ. ನೀವು ಹೇಳುವ ಮೊದಲೇ ಯಾರಾದರೂ ಕಂಡುಹಿಡಿಯುತ್ತಾರೆ.

ಈಗ ಒಂದೇ ಒಂದು ಪ್ರಶ್ನೆ. "ಮಳೆಗೆ ಸುಣ್ಣ ಯಾಕೆ ಕೊಡ್ತಾರೆ?" ಸಾರಾಂಶ ಬರೆಯಿರಿ, ಕವಿಯ ಆಶಯವೇನು, ಇಂಥ ಪ್ರಶ್ನೆ ಇವತ್ತಿಗೆ ಬೇಡ. ಒಬ್ಬಳು ಹೇಳಿದಳು: "ಹಬ್ಬಕ್ಕ ನೆಂಟ್ರು ಬರ್ತಾರಂತ ಮನಿಗೆ ಸುಣ್ಣ ಹಚ್ತಾರ್ರಿ. ಮಳಿನೂ ನೆಂಟ್ರ ಇದ್ದಂಗ." ತಕ್ಷಣ ಪಕ್ಕದವನು: "ಮಳಿ ಬಂದ್ರ ಸುಣ್ಣ ತೊಳಕೊಂಡು ಹೋಗ್ತದಲ್ರಿ!" ಎರಡನ್ನೂ ಬೋರ್ಡಿನ ಮೇಲೆ ಬರೆದೆ. ಯಾವುದು ಸರಿ ಅಂತ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಕೊನೆಯ ಹದಿನೈದು ನಿಮಿಷ ಬರವಣಿಗೆ. ಮಾದರಿ ಕಣ್ಣೆದುರೇ ಇದೆ. ಮಳೆಗೆ ನೀವೇನು ಕೊಡುತ್ತೀರಿ? ಅದೇ ಅಕ್ಷರದಿಂದ ಮಳೆಗೆ ಏನು ಹೇಳುತ್ತೀರಿ? ಐದನೇ ತರಗತಿಯ ಹುಡುಗಿಯೊಬ್ಬಳು ಬರೆದದ್ದು:

ಬೆಲ್ಲ ಕೊಡತೇನ ಬಾ ಮಳೆಯೆ
ಹಲ್ಲ ಕೊಡತೇನ ಹರಿ ಮಳೆಯೆ

ಆ ವಾರ ಅವಳ ಹಲ್ಲು ಬಿದ್ದಿತ್ತು. ಮನೆಯ ಮೇಲೆ ಎಸೆದಿದ್ದಳಂತೆ.

ಬರೆಸುವಾಗ

ಬರೆಸುವುದರ ಬಗ್ಗೆ ಇನ್ನೆರಡು ಮಾತು. 'ಪ್ರಕೃತಿ ಮಾತೆ', 'ಹಸಿರು ಸೀರೆ', 'ಸುಂದರ', 'ರಮಣೀಯ', ಇವಕ್ಕೆ ನನ್ನ ತರಗತಿಯಲ್ಲಿ ನಿಷೇಧ. ಮಕ್ಕಳು ಇವನ್ನು ಭಾಷಣ ಸ್ಪರ್ಧೆಗಳಿಂದ ಕಲಿತು ಬರುತ್ತಾರೆ. ಬದಲಿಗೆ ಇವತ್ತು ಶಾಲೆಗೆ ಬರುವ ದಾರಿಯಲ್ಲಿ ಕಂಡ ಒಂದಾದರೂ ವಸ್ತು ಪದ್ಯದಲ್ಲಿ ಇರಲೇಬೇಕು ಅನ್ನುವ ನಿಯಮ. ನಾಲ್ಕು ಸಾಲಿಗಿಂತ ಹೆಚ್ಚು ಕೇಳಬೇಡಿ. ನಾಲ್ಕು ಸಾಲಿನಲ್ಲಿ ಏನು ಮಾಡಬಹುದು ಅಂತ ತೋರಿಸಲು ದಿನಕರ ದೇಸಾಯಿಯವರ ಚೌಪದಿಗಳಿವೆ. ಅವರನ್ನು ಚುಟುಕು ಬ್ರಹ್ಮ ಅಂತ ಸುಮ್ಮನೆ ಕರೆದದ್ದಲ್ಲ. ಅಂಕ ಕೊಡಬೇಡಿ. ಕಾಗುಣಿತದ ತಪ್ಪನ್ನು ಪೆನ್ಸಿಲ್‌ನಲ್ಲಿ, ಚಿಕ್ಕದಾಗಿ, ಆಮೇಲೆ.

ವಸ್ತು ಕೈಗೆ ಸಿಗಲಿ

ಬೇಂದ್ರೆಯವರ 'ಶ್ರಾವಣ' ಧಾರವಾಡದ ಮಾತಿನಲ್ಲಿದೆ. ಅದರಲ್ಲಿ ಬೆಟ್ಟ 'ಕುತನಿಯ ಅಂಗಿ' ತೊಟ್ಟಿದೆ. ಕುತನಿ ಅಂದರೆ ಮಖಮಲ್ಲಿನಂಥ ಬಟ್ಟೆ. ಮಕ್ಕಳಿಗೆ ಪದ ಗೊತ್ತಿಲ್ಲ, ನನಗೂ ಮೊದಲು ಗೊತ್ತಿರಲಿಲ್ಲ. ಟೇಲರ್ ಅಂಗಡಿಯಿಂದ ವೆಲ್ವೆಟ್ ಚೂರೊಂದನ್ನು ತಂದು ಎಲ್ಲರ ಕೈಗೂ ಕೊಟ್ಟೆ. ಆಮೇಲೆ ಶಾಲೆಯ ಹಿಂದಿನ ಕಾಂಪೌಂಡಿಗೆ ಕರೆದುಕೊಂಡು ಹೋಗಿ ಗೋಡೆಯ ಮೇಲಿನ ಪಾಚಿಯನ್ನು ಮುಟ್ಟಿಸಿದೆ. ಅಷ್ಟೇ ಪಾಠ. ಒಬ್ಬ ಮಾತ್ರ ಮರುದಿನ ಬೆಂಕಿಪೆಟ್ಟಿಗೆಯಲ್ಲಿ ಕೆಂಪು ಮಿರಗದ ಹುಳ ತಂದಿದ್ದ. "ಇದೂ ಕುತನಿ" ಅಂದ. ನಿಜ, ಅದರ ಮೈ ಥೇಟ್ ಹಾಗೇ ಇತ್ತು. ಹುಳವನ್ನು ಬಿಟ್ಟು ಬರಲು ಹೇಳಿದೆ.

ದೊಡ್ಡ ಮಕ್ಕಳಿದ್ದರೆ ಎರಡು ಪದ್ಯ ಎದುರುಬದುರು ಇಡಿ. ಪಂಪ ಹತ್ತನೇ ಶತಮಾನದಲ್ಲಿ ಬನವಾಸಿಯನ್ನು ನೆನೆಯುವಾಗ 'ತೆಂಕಣ ಗಾಳಿ ಸೋಂಕಿದೊಡಂ' ಅನ್ನುತ್ತಾನೆ. ಅಲ್ಲಿ ಅದು ಮೈ ಸವರುವ ತಂಗಾಳಿ, ಜೊತೆಗೆ ಅರಳಿದ ಮಲ್ಲಿಗೆ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ 'ತೆಂಕಣ ಗಾಳಿಯಾಟ'ದಲ್ಲಿ ಅದೇ ಹೆಸರಿನ ಗಾಳಿ ಬುಸುಗುಟ್ಟುತ್ತ ಬಂದು ಎದೆ ನಡುಗಿಸುತ್ತದೆ. ಹೆಸರು ಒಂದೇ, ದಿಕ್ಕು ಒಂದೇ. ಯಾಕೆ ಇಷ್ಟು ವ್ಯತ್ಯಾಸ? ಕಡಲ ತೀರದ ಮುಂಗಾರಿಗೂ ವಸಂತದ ಬನವಾಸಿಗೂ ಇರುವ ಅಂತರವನ್ನು ಮಕ್ಕಳು ಭೂಗೋಳದ ನಕ್ಷೆ ತೆಗೆದು ಹುಡುಕುತ್ತಾರೆ. ಸಮಾಜ ವಿಜ್ಞಾನದ ಟೀಚರನ್ನು ಆ ಪೀರಿಯಡ್ಡಿಗೆ ಕರೆದುಕೊಳ್ಳಿ, ಚಹಾ ಕುಡಿಸಿ.

ಎಳ್ಳಮಾವಾಸ್ಯೆಯನ್ನೂ ಬಿಡಬೇಡಿ. ಉತ್ತರ ಕರ್ನಾಟಕದಲ್ಲಿ ಅವತ್ತು ಊರಿಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತದೆ, ಅಂದರೆ ಅಡುಗೆಯನ್ನು ಭೂಮಿತಾಯಿಗೆ ಎಡೆಯಾಗಿ ಹೊಲದಲ್ಲಿ ಎರಚುತ್ತದೆ. ಅದರ ಹಿಂದಿನ ದಿನ 'ಎಳ್ಳು ಜೀರಿಗೆ ಬೆಳೆಯೋಳ' ಭೂಮಿತಾಯಿಯನ್ನು ನೆನೆಯುವ ತ್ರಿಪದಿ ಕಲಿಸಿದರೆ, ಮಕ್ಕಳು ಹೊಲದಲ್ಲಿ ಹಾಡಿ ಬರುತ್ತಾರೆ. ಮೂರೇ ಸಾಲು, ಬಾಯಿಪಾಠ ಆಗಲು ಹತ್ತು ನಿಮಿಷ ಸಾಕು. ಹಬ್ಬದ ಪದ್ಯ ತರುವಾಗ ತರಗತಿಯಲ್ಲಿ ಯಾರಿದ್ದಾರೆ ನೋಡಿಕೊಳ್ಳಿ. ರಂಜಾನಿನ ಚಂದ್ರನನ್ನು ಕಾದವರು, ಕ್ರಿಸ್‌ಮಸ್‌ಗೆ ಗೋದಲಿ ಕಟ್ಟಿದವರು ನಮ್ಮಲ್ಲೇ ಇರುತ್ತಾರೆ. ಅವರಿಂದಲೂ ನಾಲ್ಕು ಸಾಲು ಬರಲಿ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ವಾರಾಂತ್ಯದ ಕನ್ನಡ ಶಾಲೆ ನಡೆಸುವವರಿಗೆ ಒಂದು ಮಾತು: ಅಲ್ಲಿನ ಮಕ್ಕಳಿಗೆ ಆರಿದ್ರಾ ಮಳೆಯನ್ನು ಊಹಿಸಿಕೊಳ್ಳಿ ಅಂತ ದುಂಬಾಲು ಬೀಳಬೇಡಿ. ಹಿಮ ಬಿದ್ದ ದಿನ ಹಿಮದ ಮೇಲೆ ಕನ್ನಡದಲ್ಲಿ ಬರೆಯಿಸಿ. ಆ ಪದ್ಯಗಳು ನಮ್ಮಲ್ಲಿ ಕಡಿಮೆ ಇವೆ.

ನವೆಂಬರ್ ಬಂದಾಗ

ಋತು ಬಿಟ್ಟು ವಿಷಯಕ್ಕೆ ಬಂದರೆ, ಎಲ್ಲ ಶಾಲೆಗೂ ತಪ್ಪದ್ದು ರಾಜ್ಯೋತ್ಸವ. ಪ್ರತಿ ವರ್ಷ ಅದೇ ಮೂರ್ನಾಲ್ಕು ಹಾಡು, ಸ್ಪೀಕರಿನಲ್ಲಿ ಟ್ರ್ಯಾಕು, ಮುಂದೆ ನೃತ್ಯ. ಹಾಡು ಹಳೆಯದಾದದ್ದು ತೊಂದರೆಯಲ್ಲ. ಅದರ ಸಾಲು ಯಾರೂ ಓದುವುದಿಲ್ಲ, ಅದು ತೊಂದರೆ.

ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಹೀಗೆ ಓದಿ. ಅದು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ಹಾಡು. ಗಾಂಧೀಜಿ ಅಧ್ಯಕ್ಷರಾಗಿದ್ದ ಅಧಿವೇಶನ. ಆಗ ಕನ್ನಡ ಮಾತಾಡುವ ಜಾಗ ಮುಂಬಯಿ ಪ್ರಾಂತ, ಮದ್ರಾಸು ಪ್ರಾಂತ, ಹೈದರಾಬಾದು, ಮೈಸೂರು, ಕೊಡಗು ಅಂತ ಹರಿದು ಹಂಚಿಹೋಗಿತ್ತು. ನಕ್ಷೆಯನ್ನು ನಿಜವಾಗಿಯೇ ಹರಿದು ತುಂಡು ಮಾಡಿ ಐದು ಗುಂಪಿಗೆ ಕೊಡಿ. ಒಂದೊಂದು ಗುಂಪೂ ಒಂದೊಂದು ಮೂಲೆಯಲ್ಲಿ ನಿಂತು 'ಉದಯವಾಗಲಿ' ಅನ್ನಲಿ. ಆ 'ಆಗಲಿ' ಈಗ ಬೇರೆ ಥರ ಕೇಳುತ್ತದೆ. ಆಮೇಲೆ ತುಂಡು ಜೋಡಿಸಿ: 1956ರ ನವೆಂಬರ್ 1. ನಾಡು ಉದಯವಾಯಿತು. ಹಾಗಾದರೆ ಇನ್ನೂ ಯಾಕೆ 'ಉದಯವಾಗಲಿ' ಅಂತ ಹಾಡುತ್ತೇವೆ? ಏಳನೇ ತರಗತಿಯವರು ಈ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲಿ ನನಗೆ ನೆನಪಿರುವುದು ಒಂದು: "ನಮ್ಮೂರಿಗೆ ಬಸ್ಸು ಬಂದ ಮ್ಯಾಲ ಪೂರಾ ಉದಯ ಆಗ್ತದ್ರಿ."

ಮಾರ್ಚ್ ಕಷ್ಟ

ಯುನೆಸ್ಕೊ ಮಾರ್ಚ್ 21ನ್ನು ವಿಶ್ವ ಕಾವ್ಯ ದಿನ ಮಾಡಿದೆ. ನಮ್ಮಲ್ಲಿ ಆಗ ಪರೀಕ್ಷೆಯ ಜ್ವರ. ಅದನ್ನು ಜಂಬದಿಂದ ಆಚರಿಸಲು ಹೋಗಬೇಡಿ. ಬೆಳಗಿನ ಪ್ರಾರ್ಥನೆಯಲ್ಲಿ ಎರಡು ನಿಮಿಷ, ಒಂದು ಪದ್ಯ, ಸಾಕು.

ಯುಗಾದಿಯೂ ಇದೇ ಗಡಿಬಿಡಿಯಲ್ಲಿ ಬರುತ್ತದೆ. ಬೇಂದ್ರೆಯವರ 'ಯುಗಾದಿ' ಎಲ್ಲರಿಗೂ ಗೊತ್ತು, ಅದೂ 1963ರ 'ಕುಲವಧು' ಚಿತ್ರದ ರಾಗದಲ್ಲಿ. ರಾಗ ಎಷ್ಟು ಸೊಗಸಾಗಿದೆ ಅಂದರೆ ಪದದ ಕಡೆ ಕಿವಿ ಹೋಗುವುದೇ ಇಲ್ಲ. ಒಮ್ಮೆ ಹಾಡಲು ಬಿಡಿ, ಆಸೆ ತೀರಲಿ. ಆಮೇಲೆ ರಾಗ ತೆಗೆದು, ಮಾತಾಡಿದ ಹಾಗೆ ಓದಿಸಿ. ಮುಂದಿನ ನುಡಿಗಳನ್ನು ಬಿಡಬೇಡಿ. ಎಲ್ಲ ಜೀವಗಳಿಗೂ ವರ್ಷಕ್ಕೊಂದು ಹೊಸ ಹುಟ್ಟು ಇದೆ, ನಮಗೆ ಮಾತ್ರ ಒಂದೇ ಬಾಲ್ಯ, ಒಂದೇ ಹರಯ ಯಾಕೆ ಅಂತ ಕವಿ ಕೇಳುವುದು ಅಲ್ಲಿ. ಶಾಲೆ ಬಿಟ್ಟು ಹೋಗುವ ಏಳನೇ ತರಗತಿಯವರಿಗೆ ಆ ಸಾಲು ಬಂದಾಗ ಗದ್ದಲ ತಾನೇ ನಿಲ್ಲುತ್ತದೆ. ಏನೂ ಕೇಳಬೇಡಿ ಆಗ. ಗಂಟೆ ಹೊಡೆಯುವವರೆಗೆ ಸುಮ್ಮನಿದ್ದು ಬಿಡಿ.

ಡಬ್ಬಿಯ ಬಗ್ಗೆ ಒಂದು ವಿಷಯ ಹೇಳುವುದು ಉಳಿದಿತ್ತು. ನನ್ನ ಮೊದಲ ಡಬ್ಬಿ ಚಪ್ಪಲಿಯ ರಟ್ಟಿನ ಪೆಟ್ಟಿಗೆ. ಏಪ್ರಿಲ್‌ನಲ್ಲಿ ಬೀರುವಿನ ತಳದಲ್ಲಿಟ್ಟು ರಜೆಗೆ ಹೋದೆ. ಬಂದು ನೋಡಿದರೆ ಮೂರು ವರ್ಷದ ಕಾರ್ಡುಗಳನ್ನು ಗೆದ್ದಲು ಓದಿ ಮುಗಿಸಿತ್ತು. ಈಗಿನದು ಬಿಸ್ಕತ್ತಿನ ತಗಡಿನ ಡಬ್ಬಿ, ಒಳಗೆ ಎರಡು ನುಸಿಗುಳಿಗೆ. ರಜೆಗೆ ಹೋಗುವಾಗ ಅದನ್ನು ಮನೆಗೇ ಒಯ್ಯುತ್ತೇನೆ.